ಎರಡು ವರ್ಷದ ಲಾಗ್ ಇಡೋಕೆ ಹೋಗಿ ನಾನು ಪಟ್ಟ ಪಾಡು

ಮಲೆನಾಡಿನ ಒಂದು ತಾಲ್ಲೂಕು ಪಟ್ಟಣದಲ್ಲಿ ನಮ್ಮದೊಂದು ಚಿಕ್ಕ ಇಂಟರ್ನೆಟ್ ಕಂಪನಿ. ಮೊದಲು ಕೇಬಲ್ ಟಿವಿ ನಡೆಸುತ್ತಿದ್ದೆವು. 2017ರಲ್ಲಿ ಇಂಟರ್ನೆಟ್ ಕೊಡೋಕೆ ಸಿ ವರ್ಗದ, ಅಂದರೆ ಚಿಕ್ಕ ಪ್ರದೇಶದ, ಲೈಸೆನ್ಸ್ ತಗೊಂಡೆವು. ಅರ್ಜಿಗೆ 10,000, ಪ್ರವೇಶ ಶುಲ್ಕ 20,000 ರೂಪಾಯಿ, ಮೇಲೆ ಬ್ಯಾಂಕ್ ಗ್ಯಾರಂಟಿ. ಈಗ 1,150 ಮನೆಗೆ ಲೈನ್ ಇದೆ. ನಾನು, ನನ್ನ ತಮ್ಮ, ಇಬ್ಬರು ಲೈನ್ ಹುಡುಗರು, ಬಿಲ್ಲಿಂಗ್‌ಗೆ ಒಬ್ಬ ಹುಡುಗಿ. ಕಂಪನಿ ಅಂದರೆ ಇಷ್ಟೇ.

2025ರ ಜೂನ್‌ನಲ್ಲಿ, ಮಳೆ ಹಿಡಿದುಕೊಂಡ ವಾರದಲ್ಲಿ, ಬೇರೆ ಜಿಲ್ಲೆಯ ಒಂದು ಸೆನ್ ಠಾಣೆಯಿಂದ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಪೊಲೀಸ್ ಠಾಣೆ) ನೋಟಿಸ್ ಬಂತು. ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ ಸೆಕ್ಷನ್ 94ರ ಅಡಿ ದಾಖಲೆ ಕೊಡಿ ಅಂತ. ಪಾರ್ಟ್‌ಟೈಮ್ ಕೆಲಸದ ಆಸೆ ತೋರಿಸಿ ಯಾರಿಂದಲೋ ದುಡ್ಡು ಹೊಡೆದ ಕೇಸು. ನೋಟಿಸ್‌ನಲ್ಲಿ ನಮ್ಮದೊಂದು ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಒಂದು ಕನೆಕ್ಷನ್ ಗುರುತಿಸುವ ಅಂಕಿ), ಒಂದು ತಾರೀಖು, ಒಂದು ಸಮಯ. ಆ ಹೊತ್ತಿಗೆ ಈ ಐಪಿ ಯಾರ ಬಳಿ ಇತ್ತು, ಹೆಸರು ವಿಳಾಸ ಕೊಡಿ ಅನ್ನೋದು ಪ್ರಶ್ನೆ.

ಕೇಳೋಕೆ ಸುಲಭದ ಪ್ರಶ್ನೆ. ಆದರೆ ನಮ್ಮಂಥವರ ಹತ್ತಿರ ಮನೆಗೊಂದು ಐಪಿ ಕೊಡುವಷ್ಟು ವಿಳಾಸಗಳು ಇರುವುದಿಲ್ಲ. ನಮ್ಮ ಬಳಿ ಇರುವುದು 32. ಒಂದೊಂದರ ಹಿಂದೆ ಸುಮಾರು 36 ಮನೆ. ವಠಾರದ ಎದುರು ಬಾಗಿಲು ಒಂದೇ, ಒಳಗೆ ಮನೆ ಮೂವತ್ತಾರು ಅನ್ನೋ ಲೆಕ್ಕ. ಇದಕ್ಕೆ ನ್ಯಾಟ್ ಅಂತಾರೆ. ಯಾವ ಮನೆ ಅಂತ ಹೇಳಬೇಕಾದರೆ ಐಪಿ ಜೊತೆ ಪೋರ್ಟ್ ನಂಬರ್, ಅಂದರೆ ವಠಾರದ ಒಳಗಿನ ಬಾಗಿಲಿನ ನಂಬರ್ ಇದ್ದಂಗೆ, ಬೇಕೇ ಬೇಕು. ನೋಟಿಸ್‌ನಲ್ಲಿ ಅದೇ ಇರಲಿಲ್ಲ. 'ಪೋರ್ಟ್ ಸಂಖ್ಯೆ ಕೊಡಿ' ಅಂತ ಬರೆದು ಕಳಿಸಿದೆ. ಒಂಬತ್ತು ದಿನ ಆದ ಮೇಲೆ ಉತ್ತರ ಬಂತು. (ನಿಮಗೂ ಇಂಥ ನೋಟಿಸ್ ಬಂದರೆ ಗಾಬರಿಯಲ್ಲಿ 36 ಮನೆಯ ಪಟ್ಟಿ ಕಳಿಸಬೇಡಿ. ಪೋರ್ಟ್ ಕೇಳಿ, ಬರಹದಲ್ಲಿ ಕೇಳಿ. ಒಬ್ಬನನ್ನು ಹುಡುಕೋಕೆ 36 ಮನೆಯವರ ವಿಳಾಸ ಯಾಕೆ ಕೊಡಬೇಕು, ಅಲ್ವಾ?)

ಪೋರ್ಟ್ ಬಂದ ದಿನ ಸಂಜೆ ಲಾಗ್ ಸರ್ವರ್ ತೆಗೆದು ಕೂತೆ. ಲಾಗ್ ಅಂದರೆ ಯಾವ ಮನೆ ಯಾವ ಹೊತ್ತಿಗೆ ಯಾವ ಐಪಿ, ಯಾವ ಪೋರ್ಟ್‌ನಿಂದ ಹೊರಗೆ ಹೋಯಿತು ಅನ್ನೋ ದಾಖಲೆ. ಸರ್ವರ್ ಅಂದರೆ ಹಳೆಯ ಡೆಸ್ಕ್‌ಟಾಪ್, 500 ಜಿಬಿ ಡಿಸ್ಕ್. ನಾಲ್ಕು ವರ್ಷದ ಹಿಂದೆ ಒಬ್ಬ ಟೆಕ್ನಿಷಿಯನ್ ಸೆಟ್ ಮಾಡಿ ಹೋದದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಆ ದಿನದ ಫೈಲ್ ಇತ್ತು. ಐಪಿ, ಪೋರ್ಟ್, ಸಮಯ 14:50 ಹಾಕಿ ಹುಡುಕಿದೆ. ಒಂದೇ ಒಂದು ಸಾಲು ಬಂತು. ಬಲಗಡೆ ಯೂಸರ್ ಐಡಿ. ನೋಡಿದ ಕೂಡಲೇ ಯಾರ ಮನೆ ಅಂತ ಗೊತ್ತಾಯಿತು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರ ಮನೆ.

ಎಪ್ಪತ್ತು ದಾಟಿದ ಮನುಷ್ಯ. ಮನೆಯಲ್ಲಿ ಅವರು, ಅವರ ಹೆಂಡತಿ, ಇಬ್ಬರೇ. ಆದರೂ ದಾಖಲೆ ಹೇಳ್ತಿದೆಯಲ್ಲ, ನಾನ್ಯಾರು ಬೇಡ ಅನ್ನೋಕೆ ಅಂದುಕೊಂಡು ಉತ್ತರ ಟೈಪ್ ಮಾಡಿದೆ. ಪ್ರಿಂಟ್ ತೆಗೆದೆ. ಸಹಿ ಹಾಕಿ ಸೀಲ್ ಒತ್ತಿದೆ. ಕವರಿಗೆ ಹಾಕೋಕೆ ಮುಂಚೆ ಹೆಂಡತಿ ಊಟಕ್ಕೆ ಕರೆದಳು, ಹೋದೆ. ಅನ್ನ ಕಲಸುತ್ತಾ ಇದ್ದಾಗ ತಲೆಗೆ ಬಂತು, ನೋಟಿಸ್ ಜೊತೆ ಒಂದು ಅನುಬಂಧದ ಹಾಳೆ ಇತ್ತಲ್ಲ, ಅದನ್ನು ನಾನು ಸರಿಯಾಗಿ ಓದಲೇ ಇಲ್ಲ ಅಂತ.

ವಾಪಸ್ ಬಂದು ನೋಡಿದೆ. ಅದೊಂದು ಸ್ಕ್ರೀನ್‌ಶಾಟ್‌ನ ಜೆರಾಕ್ಸು. ಸೋಶಿಯಲ್ ಮೀಡಿಯಾ ಕಂಪನಿಯವರು ಪೊಲೀಸರಿಗೆ ಕೊಟ್ಟ ಉತ್ತರ. ಸಮಯದ ಮುಂದೆ ಇರುವೆ ಗಾತ್ರದ ಮೂರು ಅಕ್ಷರ: ಯುಟಿಸಿ. ಜಗತ್ತಿಗೆಲ್ಲ ಒಂದೇ ಅಂತ ಇಟ್ಟುಕೊಂಡ ಸಮಯ ಅದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನೋಟಿಸ್ ಟೈಪ್ ಮಾಡುವಾಗ ಅದು ಬಿಟ್ಟುಹೋಗಿತ್ತು. ಯುಟಿಸಿಯಲ್ಲಿ 14:50 ಅಂದರೆ ನಮ್ಮಲ್ಲಿ ರಾತ್ರಿ 8:20. ಐದೂವರೆ ಗಂಟೆ ಕೂಡಿಸಿ ಮತ್ತೆ ಹುಡುಕಿದೆ. ಅದೇ ಐಪಿ, ಅದೇ ಪೋರ್ಟ್. ಆದರೆ ಈ ಸಲ ಬಂದದ್ದು ಊರ ಹೊರಗಿನ ಒಂದು ಹೋಮ್‌ಸ್ಟೇ.

ಸಹಿ ಹಾಕಿದ ಹಾಳೆಯನ್ನು ಚೂರು ಚೂರು ಮಾಡಿದೆ. ಕೈ ನಡುಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಅನುಮಾನ. ನಮ್ಮ ರೂಟರ್‌ನ ಗಡಿಯಾರವಾದರೂ ಸರಿ ಇದೆಯಾ? ಮೊಬೈಲ್ ಪಕ್ಕ ಇಟ್ಟು ನೋಡಿದರೆ ನಾಲ್ಕು ನಿಮಿಷ ಹಿಂದೆ. ಲಾಗ್ ಇನ್ನಷ್ಟು ಕೆದಕಿದಾಗ ಕೆಲವು ಸಾಲುಗಳ ತಾರೀಖು 1970ರ ಜನವರಿ! ಕರೆಂಟ್ ಹೋಗಿ ಬಂದಾಗಲೆಲ್ಲ ನಮ್ಮ ಒಂದು ರೂಟರ್ ತನ್ನ ಕಾಲವನ್ನೇ ಮರೆತು, ಸರಿಯಾದ ಸಮಯ ಸಿಗುವ ತನಕ 1970ರಿಂದ ಎಣಿಸುತ್ತಿತ್ತು. ಸಮಯ ಹೇಳಿಕೊಡುವ ಎನ್‌ಟಿಪಿ ದಾರಿಯನ್ನು ಫೈರ್‌ವಾಲ್‌ನಲ್ಲಿ ಯಾವತ್ತೋ ನಾವೇ ಮುಚ್ಚಿದ್ದೆವು. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ.

ನಾಲ್ಕು ನಿಮಿಷ ಸರಿಮಾಡಿ ಮೂರನೇ ಸಲ ಹುಡುಕಿದೆ. ಪುಣ್ಯಕ್ಕೆ ಹೋಮ್‌ಸ್ಟೇಯೇ ಬಂತು. ಆದರೂ ಉತ್ತರದಲ್ಲಿ ಗಡಿಯಾರದ ವಿಷಯ ಮುಚ್ಚಿಡದೆ ಬರೆದೆ. ಇದು ಕನೆಕ್ಷನ್ ಯಾರ ಹೆಸರಲ್ಲಿದೆ ಅನ್ನೋ ಮಾಹಿತಿ ಮಾತ್ರ, ಆ ಹೊತ್ತಿಗೆ ಫೋನ್ ಹಿಡಿದವರು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ ಅಂತಲೂ ಸೇರಿಸಿದೆ. ಈ ಸಾಲನ್ನು ನೀವೂ ಸೇರಿಸಿ. ನಾಲ್ಕು ರೂಮಿನ ಹೋಮ್‌ಸ್ಟೇಯಲ್ಲಿ ಅವತ್ತು ವೈಫೈ ಪಾಸ್‌ವರ್ಡ್ ಯಾರಿಗೆಲ್ಲ ಕೊಟ್ಟಿದ್ದರೋ ಯಾರಿಗೆ ಗೊತ್ತು.

ಕಂಪ್ಯೂಟರ್ ದಾಖಲೆಯನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಕೊಡೋಕೆ ಒಂದು ಸರ್ಟಿಫಿಕೇಟ್ ಇರಬೇಕು. ಉತ್ತರದ ಜೊತೆ ಅದೂ ಬೇಕು ಅಂದರು ಪೊಲೀಸರು. ಮೊದಲು ಎವಿಡೆನ್ಸ್ ಆ್ಯಕ್ಟ್‌ನ 65ಬಿ ಅನ್ನುತ್ತಿದ್ದರಲ್ಲ, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63(4). ಇದರಲ್ಲಿ ಎರಡು ಭಾಗ. ಎ ಭಾಗಕ್ಕೆ ನಾನು ಸಹಿ ಹಾಕಬೇಕು, ಬಿ ಭಾಗಕ್ಕೆ ಒಬ್ಬ ಪರಿಣತರು. ಎರಡರಲ್ಲೂ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂಗೆ, ಒಂದು ಚುಕ್ಕಿ ಬದಲಾದರೂ ಬೇರೆಯೇ ಬರುತ್ತೆ. ನಾನು ಹ್ಯಾಶ್ ತೆಗೆದು ಬರೆದಿಟ್ಟೆ. ಆಮೇಲೆ ಸುಮ್ನೆ ಒಂದು ಸಲ ನೋಡೋಣ ಅಂತ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದೆ. ಮುಚ್ಚುವಾಗ ಸೇವ್ ಮಾಡಲಾ ಅಂತ ಕೇಳಿತು, ಅಭ್ಯಾಸಬಲದಿಂದ ಹೂಂ ಅಂದೆ. ಎಕ್ಸೆಲ್ ತಾರೀಖುಗಳನ್ನೆಲ್ಲ ತನ್ನ ಇಷ್ಟದಂತೆ ತಿದ್ದಿಟ್ಟಿತ್ತು. ಪರಿಣತರು ಹ್ಯಾಶ್ ತೆಗೆದರೆ ತಾಳೆಯಾಗಲಿಲ್ಲ. ಮೊದಲಿಂದ ಎಲ್ಲಾ ಮತ್ತೆ. ಅವರ ಶುಲ್ಕ ಎರಡು ಸಲ, ಓಡಾಟ ಎರಡು ಸಲ. ಮೂಲ ಫೈಲನ್ನು ತೆರೆಯಲೇಬೇಡಿ, ನೋಡಬೇಕಾದರೆ ನಕಲು ಮಾಡಿಕೊಂಡು ನೋಡಿ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಹುಡುಕುವಾಗ ಕಣ್ಣಿಗೆ ಬಿದ್ದದ್ದು ಇನ್ನೊಂದು. ನಮ್ಮ ಡಿಸ್ಕ್‌ನಲ್ಲಿ ಇದ್ದದ್ದು ಬರೀ ಮೂರು ತಿಂಗಳ ಲಾಗ್. ಡಿಸ್ಕ್ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತಿತ್ತು.

ನಿಯಮ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಲೈಸೆನ್ಸ್ ಷರತ್ತಿನ ಪ್ರಕಾರ ಮೊದಲು ಒಂದು ವರ್ಷದ ದಾಖಲೆ ಇಡಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಅದನ್ನು ಎರಡು ವರ್ಷ ಮಾಡಿತು. ಭದ್ರತೆಯ ಕಾರಣಕ್ಕೆ ಅಂತ. ಫೋನ್ ಕಂಪನಿಗಳಿಗೂ ಅದೇ, ನಮಗೂ ಅದೇ. ಕೋಟಿಗಟ್ಟಲೆ ಗ್ರಾಹಕರಿರುವವರಿಗೂ ಸಾವಿರ ಮನೆಯವನಿಗೂ ಅಳತೆಗೋಲು ಒಂದೇ. ಇದರ ಮೇಲೆ 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಬೇರೆ ನಿರ್ದೇಶನ ಕೊಟ್ಟಿದೆ. ನಮ್ಮ ಮಷಿನ್‌ಗಳ ಲಾಗ್ 180 ದಿನ ಇರಬೇಕು, ಎಲ್ಲಾ ಗಡಿಯಾರಗಳು ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಂಡಿರಬೇಕು, ಏನಾದರೂ ಹ್ಯಾಕ್ ಆದರೆ ಆರು ಗಂಟೆಯೊಳಗೆ ತಿಳಿಸಬೇಕು. ಗಡಿಯಾರದ ಆ ಸಾಲನ್ನು ಮೊದಲು ಓದಿದಾಗ ಇದೇನು ಶಾಸ್ತ್ರ ಅಂದುಕೊಂಡಿದ್ದೆ. ಮೇಷ್ಟ್ರ ಹೆಸರು ಟೈಪ್ ಮಾಡಿದ ಮೇಲೆ ಹಾಗನ್ನಿಸಲಿಲ್ಲ.

ಸರಿ, ಎರಡು ವರ್ಷದ ಲಾಗ್ ಅಂದರೆ ಎಷ್ಟು? ಕೂತು ಲೆಕ್ಕ ಹಾಕಿದೆವು. ನಮ್ಮಲ್ಲಿ ಒಂದು ಮನೆಯಿಂದ ದಿನಕ್ಕೆ ಸುಮಾರು 25,000 ಸಂಪರ್ಕಗಳು ಹೊರಗೆ ಹೋಗುತ್ತವೆ. ಯಾರೂ ಮುಟ್ಟದಿದ್ದರೂ ಟಿವಿ, ಫೋನ್, ಕ್ಯಾಮೆರಾ ತಮ್ಮಷ್ಟಕ್ಕೆ ಮಾತಾಡುತ್ತಲೇ ಇರುತ್ತವೆ. ಒಂದೊಂದಕ್ಕೂ ಒಂದು ಸಾಲು. 1,150 ಮನೆಗೆ ದಿನಕ್ಕೆ ಎರಡೂ ಮುಕ್ಕಾಲು ಕೋಟಿ ಸಾಲಿಗೂ ಜಾಸ್ತಿ, ಐದು ಜಿಬಿ ಚಿಲ್ಲರೆ. ಎರಡು ವರ್ಷಕ್ಕೆ 3.8 ಟಿಬಿ. ಬೇಗ ಹುಡುಕೋಕೆ ಆಗುವಂತೆ ಇಡಬೇಕಾದರೆ ಅದರ ಎರಡರಷ್ಟು ಜಾಗ.

ಒಬ್ಬ ಮಾರಾಟಗಾರ ಬಂದು ರೆಡಿಮೇಡ್ ಪೆಟ್ಟಿಗೆ ತೋರಿಸಿದ. ಆರೂವರೆ ಲಕ್ಷ, ಮೇಲೆ ವರ್ಷಕ್ಕೆ 90,000 ನಿರ್ವಹಣೆ. ಕಾಫಿ ಕುಡಿಸಿ ಕಳಿಸಿದೆ. ತಮ್ಮ ವಿದೇಶದ ಅಗ್ಗದ ಕ್ಲೌಡ್ ಒಂದನ್ನು ನೋಡಿಟ್ಟಿದ್ದ. ಅದು ಆಗಲ್ಲ, ಗ್ರಾಹಕರ ಮಾಹಿತಿ ದೇಶದಿಂದ ಹೊರಗೆ ಹೋಗಕೂಡದು ಅಂತ ಲೈಸೆನ್ಸ್‌ನಲ್ಲೇ ಇದೆ.

ನನಗೆ ಬೇರೊಂದು ಉಪಾಯ ಹೊಳೆದಿತ್ತು. ಪ್ರತಿ ಮನೆಗೂ ಇಂತಿಷ್ಟು ಪೋರ್ಟ್ ಅಂತ ಮೊದಲೇ ಹಂಚಿಬಿಟ್ಟರೆ? ಆಗ ದಿನಕ್ಕೆ ಕೋಟಿಗಟ್ಟಲೆ ಸಾಲು ಬೇಡ. ಯಾವ ಮನೆಗೆ ಯಾವ ಪೋರ್ಟ್ ಅನ್ನೋ ಒಂದು ಪಟ್ಟಿ ಸಾಕು. ಖರ್ಚೂ ಇಲ್ಲ, ಜನ ಎಲ್ಲಿಗೆ ಹೋದರು ಅನ್ನೋದನ್ನು ಬರೆದಿಡುವ ಪಾಪವೂ ಇಲ್ಲ. ಪೊಲೀಸರಿಗೆ ಬೇಕಾದ ಉತ್ತರವೂ ಸಿಗುತ್ತೆ. ಎರಡು ದಿನ ನಾನು ಭಾರೀ ಖುಷಿಯಲ್ಲಿದ್ದೆ. ಮೂರನೇ ದಿನ ನಮ್ಮ ಸಲಹೆಗಾರರು ದಾಖಲೆಯ ನಮೂನೆ ಕಳಿಸಿದರು. ಅದರಲ್ಲಿ ಎದುರು ಕಡೆಯ ಐಪಿ, ಎದುರು ಕಡೆಯ ಪೋರ್ಟ್ ಅಂತ ಎರಡು ಕಾಲಂ ಇದ್ದವು. ಅಂದರೆ ಯಾರು ಅನ್ನೋದಷ್ಟೇ ಸಾಲದು, ಎಲ್ಲಿಗೆ ಅನ್ನೋದೂ ಬೇಕು. ಉಪಾಯ ಅಲ್ಲಿಗೆ ಮಣ್ಣುಪಾಲು.

ಕೊನೆಗೆ ತಮ್ಮ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಎರಡು ದಿನ ಅಲೆದು ಸೆಕೆಂಡ್ ಹ್ಯಾಂಡ್ ಸರ್ವರ್ ತಂದ. 68,000. ಎಂಟು ಟಿಬಿಯ ನಾಲ್ಕು ಡಿಸ್ಕ್, ಒಂದಕ್ಕೆ 21,000ದಂತೆ 84,000. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಜೋಡಿ ಜೋಡಿ ಹಾಕಿದೆವು. ಯುಪಿಎಸ್‌ಗೆ ಬ್ಯಾಟರಿ 24,000. ಸೆಟ್ ಮಾಡಿಕೊಟ್ಟವರಿಗೆ 35,000. ಬಸ್ಸು, ಲಾಡ್ಜು, ಸ್ವಿಚ್ಚು, ಕೇಬಲ್ಲು, ಪರಿಣತರ ಎರಡು ಸಲದ ಶುಲ್ಕ ಎಲ್ಲಾ ಸೇರಿ 14,000. ಒಟ್ಟು 2,25,000. ಮನೆ ಲೆಕ್ಕದಲ್ಲಿ ಹೆಚ್ಚುಕಮ್ಮಿ 196 ರೂಪಾಯಿ. ಸರ್ವರ್ ಹಗಲು ರಾತ್ರಿ ಓಡುವುದಕ್ಕೆ ತಿಂಗಳಿಗೆ ಸುಮಾರು 1,200 ಕರೆಂಟ್ ಬಿಲ್ ಬೇರೆ. ಸಾಫ್ಟ್‌ವೇರ್ ಮಾತ್ರ ಪುಕ್ಕಟೆಯದು. ಬಿಲ್ ಜಾಸ್ತಿ ಮಾಡೋಣ ಅಂದರೆ ದೊಡ್ಡ ಕಂಪನಿಯ ಫೈಬರ್ ಪಕ್ಕದ ಬೀದಿಗೆ ಬಂದಿದೆ. 20 ರೂಪಾಯಿ ಏರಿಸಿದರೆ ನೂರು ಮನೆ ಅತ್ತ ಜಿಗಿಯುತ್ತವೆ. ಏರಿಸಲಿಲ್ಲ. ಹೆಂಡತಿಯ ತಮ್ಮ ಮೆಲ್ಬರ್ನ್‌ನಲ್ಲಿದ್ದಾನೆ. ಅಲ್ಲಿ 2015ರಲ್ಲಿ ಇಂಥದ್ದೇ ಎರಡು ವರ್ಷದ ಕಾನೂನು ಬಂದಾಗ ಸರ್ಕಾರವೇ ಕಂಪನಿಗಳಿಗೆ ಖರ್ಚಿನ ಒಂದು ಪಾಲು ಕೊಟ್ಟಿತ್ತಂತೆ. ನಮಗೆ ಆ ಭಾಗ್ಯ ಇಲ್ಲ.

ಹಳೆಯ ಡೆಸ್ಕ್‌ಟಾಪ್‌ನಿಂದ ಹೊಸ ಸರ್ವರಿಗೆ ಫೈಲ್ ಸಾಗಿಸುವಾಗ ನನಗೆ ಗೊತ್ತೇ ಇಲ್ಲದ ಒಂದು ಫೋಲ್ಡರ್ ಸಿಕ್ಕಿತು. ಡಿಎನ್‌ಎಸ್ ಲಾಗ್, ಅಂದರೆ ಯಾವ ಮನೆ ಯಾವ ವೆಬ್‌ಸೈಟಿನ ವಿಳಾಸ ಕೇಳಿತು ಅನ್ನೋ ದಾಖಲೆ. ಯಾವ ನಿಯಮ ಕೇಳಿದ್ದೂ ಅಲ್ಲ. ಆ ಟೆಕ್ನಿಷಿಯನ್ ಏನನ್ನೋ ಪರೀಕ್ಷೆ ಮಾಡಲು ಆನ್ ಮಾಡಿ ಮರೆತು ಹೋಗಿದ್ದ. ನ್ಯಾಟ್ ಲಾಗ್‌ನಲ್ಲಿ ಬರೀ ಅಂಕಿಗಳು ಇರುತ್ತವೆ, ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಇದರಲ್ಲಿ ವೆಬ್‌ಸೈಟ್‌ಗಳ ಹೆಸರೇ ಇದ್ದವು. ಇದೇನು ಅಂತ ನೋಡಲು ಒಂದು ಪುಟ ಕೆಳಗೆ ಸರಿಸಿದೆ. ಒಂದು ಮನೆ, ರಾತ್ರಿ 2:40. ಒಂದು ಸಾಲದ ಆ್ಯಪ್‌ನ ಹೆಸರು, ಮತ್ತೊಂದು ಸಾಲದ ಆ್ಯಪ್, ಮೂರನೆಯದು, ಮತ್ತೆ ಮೊದಲನೆಯದು. ಮೂರೂಕಾಲರ ತನಕ ಹಾಗೇ. ಆ ಮನೆಯವರ ಎರಡು ತಿಂಗಳ ಬಿಲ್ ಬಾಕಿ ಇತ್ತು. ಮಾರನೇ ದಿನ ಲೈನ್ ಕಟ್ ಮಾಡಬೇಕು ಅಂತ ಹುಡುಗಿ ಪಟ್ಟಿ ತಂದಿಟ್ಟಿದ್ದಳು.

ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದೆ. ಯಾಕೆ ಅಂತ ಅವಳು ಕೇಳಿದಳು, ಇರಲಿ ಬಿಡು ಅಂದೆ. ಈಗಲೂ ಅವರು ರಸ್ತೆಯಲ್ಲಿ ಸಿಕ್ಕಿ ನಗುತ್ತಾ ಕೈ ಎತ್ತಿದರೆ ನನಗೆ ಸಲೀಸಾಗಿ ನಗೋಕೆ ಆಗುವುದಿಲ್ಲ. ಅವರು ನನಗೆ ಹೇಳದ ವಿಷಯ ನನಗೆ ಗೊತ್ತಿದೆ. ಆ ಫೋಲ್ಡರ್ ಅವತ್ತೇ ಅಳಿಸಿದೆ, ಸೆಟ್ಟಿಂಗ್ ಆಫ್ ಮಾಡಿದೆ. ನಮ್ಮ ಕಸುಬಿನವರು ದಯವಿಟ್ಟು ಒಂದು ಸಲ ನೋಡಿಕೊಳ್ಳಿ. ಕೇಳದೇ ಇರುವುದನ್ನೂ ನಿಮ್ಮ ಮಷಿನ್ ಬರೆದಿಡುತ್ತಿರಬಹುದು.

ಇನ್ನು ಊರಿನವರ ವಿಷಯ. ಎರಡು ವರ್ಷದ ಲಾಗ್ ಇಡ್ತಾರಂತೆ ಅನ್ನೋ ಸುದ್ದಿ ಲೈನ್ ಹುಡುಗರ ಬಾಯಿಂದ ಹೊರಗೆ ಹೋಯಿತು. ಒಬ್ಬ ತಂದೆ ಬಂದರು, ಮಗ ರಾತ್ರಿ ಏನು ನೋಡ್ತಾನೆ ಸ್ವಲ್ಪ ಹೇಳು ಅಂತ. ಇನ್ನೊಬ್ಬರು ಹೆಂಡತಿಯ ಬಗ್ಗೆ ಕೇಳಿದರು, ಅದೂ ಹೋಟೆಲಿನಲ್ಲಿ ಕೂರಿಸಿ, ದೋಸೆ ಕೊಡಿಸಿ. ಒಬ್ಬ ಪುಡಾರಿ ಎದುರು ಪಾರ್ಟಿಯವನ ಮನೆಯ 'ಡಿಟೇಲ್ಸ್' ಕೇಳಿದ. ಮೊದಲಾಗಿದ್ದರೆ ನಮ್ಮಲ್ಲಿ ಇಲ್ಲ ಸಾರ್ ಅಂದುಬಿಡುತ್ತಿದ್ದೆ, ಅದು ನಿಜವೂ ಆಗಿತ್ತು. ಈಗ ಇದೆ, ಕೊಡಲ್ಲ ಅನ್ನಬೇಕು. ಚಿಕ್ಕ ಊರಿನಲ್ಲಿ ಈ ಎರಡು ಮಾತಿಗೆ ಎಷ್ಟು ವ್ಯತ್ಯಾಸ ಅಂತ ಇಲ್ಲಿ ಬದುಕಿದವರಿಗೇ ಗೊತ್ತು. ಪುಡಾರಿ ಈಗ ನನ್ನ ಜೊತೆ ಮಾತಾಡುತ್ತಿಲ್ಲ.

ನಮ್ಮ ಚಿಕ್ಕಪ್ಪನ ಮಗ ವಕೀಲ. ಅವನು ಒಂದು ಮಾತು ನೆನಪಿಸಿದ. ನಾವು ಲೈಸೆನ್ಸ್ ತಗೊಂಡ 2017ರಲ್ಲೇ, ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಯುರೋಪಿನಲ್ಲಿ ಇಂಥದ್ದೇ ಲಾಗ್ ಇಡುವ ನಿಯಮವನ್ನು 2014ರ ಏಪ್ರಿಲ್ 8ರಂದು ಅಲ್ಲಿನ ಕೋರ್ಟ್ ರದ್ದು ಮಾಡಿತು, ಯಾವ ತಪ್ಪೂ ಮಾಡದ ಎಲ್ಲರ ದಾಖಲೆಯನ್ನೂ ಸಾರಾಸಗಟಾಗಿ ಇಡುವುದು ಅತಿಯಾಯಿತು ಅಂತ. ಹಾಗಾದರೆ ನಾನೂ ಇಡೋದು ಬೇಡ್ವಾ ಅಂದೆ. ಲೈಸೆನ್ಸ್ ಬೇಕಾದರೆ ಇಡು ಅಂದ. ವಕೀಲರ ಉತ್ತರ ಹೀಗೇ ಇರುತ್ತೆ.

ಗ್ರಾಹಕರು ನನ್ನನ್ನು ಪದೇ ಪದೇ ಕೇಳುವ ಎರಡು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡ್ತೀನಿ. ವಾಟ್ಸ್‌ಆ್ಯಪ್ ಮೆಸೇಜು, ಬ್ಯಾಂಕ್ ಪಾಸ್‌ವರ್ಡ್ ನಮಗೆ ಕಾಣುತ್ತಾ? ಇಲ್ಲ. ನೀವು ಯಾವ ಐಪಿಗೆ ಯಾವಾಗ ಹೋದಿರಿ ಅನ್ನೋದು ಉಳಿಯುತ್ತೆ, ಒಳಗೆ ಏನು ಮಾತಾಡಿದಿರಿ ಅನ್ನೋದು ಉಳಿಯಲ್ಲ. ಆದರೆ ಮನೆಯವರು ಯಾವಾಗ ಏಳ್ತಾರೆ, ಯಾವಾಗ ಮಲಗ್ತಾರೆ, ಯಾವ ವಾರ ಊರಲ್ಲಿರಲಿಲ್ಲ ಅನ್ನೋದು ಅಷ್ಟರಿಂದಲೇ ತಿಳಿಯುತ್ತೆ. ವಿಪಿಎನ್, ಅಂದರೆ ಬೇರೆ ಕಂಪನಿಯ ಸರ್ವರ್ ಮೂಲಕ ಗುಟ್ಟಾಗಿ ಹೋಗುವ ದಾರಿ, ಹಾಕಿದರೆ? ನಮ್ಮ ಲಾಗ್‌ನಲ್ಲಿ ವಿಪಿಎನ್‌ನ ವಿಳಾಸ ಮಾತ್ರ ಬೀಳುತ್ತೆ. ಆದರೆ ಸರ್ಟ್-ಇನ್‌ನ ಅದೇ ನಿರ್ದೇಶನ ವಿಪಿಎನ್ ಕಂಪನಿಗಳಿಗೆ ಗ್ರಾಹಕರ ವಿವರ ಐದು ವರ್ಷ ಇಡಿ ಅನ್ನುತ್ತೆ. ಅದು ಬಂದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಥರದವರು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದರು.

ಕಳೆದ ತಿಂಗಳು ಲೈನ್ ಬಿಟ್ಟುಹೋದ ಒಬ್ಬ ಹುಡುಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, 2023ರ ಹೊಸ ಡೇಟಾ ಕಾಯ್ದೆ ಇದೆಯಲ್ಲ, ನನ್ನ ಮಾಹಿತಿ ಎಲ್ಲಾ ಅಳಿಸಿ ಅಂತ ಮೇಲ್ ಹಾಕಿದ. ಬೇರೆ ಕಾನೂನು ಇಡಲೇಬೇಕು ಅಂದಾಗ ಆ ಕಾಯ್ದೆಯೂ ಅಳಿಸು ಅನ್ನುವುದಿಲ್ಲ. ಅವನಿಗೆ ಹಾಗೇ ಬರೆದೆ. ಅವನ ಲಾಗ್ ಎರಡು ವರ್ಷ ತುಂಬುವ ತನಕ ನನ್ನ ಬಳಿಯೇ ಇರುತ್ತೆ.

ಈಗಿನ ವ್ಯವಸ್ಥೆ ಇಷ್ಟು. ಸರ್ವರ್ ಇರುವ ಕೋಣೆಗೆ ಬೀಗ. ಪಾಸ್‌ವರ್ಡ್ ಅರ್ಧ ನನ್ನ ಬಳಿ, ಅರ್ಧ ತಮ್ಮನ ಬಳಿ. ಪಕ್ಕದಲ್ಲಿ ಒಂದು ಉದ್ದನೆಯ ಲೆಡ್ಜರ್ ಪುಸ್ತಕ. ಯಾವಾಗ ಹುಡುಕಿದೆವು, ಯಾರ ಪತ್ರದ ಮೇಲೆ, ಏನು ಕೊಟ್ಟೆವು, ಎಲ್ಲಾ ಪೆನ್ನಿನಲ್ಲಿ. ಬಾಯಿಮಾತಿಗೆ, ಫೋನಿಗೆ, ವಾಟ್ಸ್‌ಆ್ಯಪ್‌ಗೆ ಉತ್ತರ ಇಲ್ಲ. ಗಡಿಯಾರವನ್ನು ತಮ್ಮ ದಿನಾ ಬೆಳಿಗ್ಗೆ ನೋಡುತ್ತಾನೆ. ಎರಡು ವರ್ಷ ದಾಟಿದ ಫೈಲ್ ರಾತ್ರಿ ತಾನಾಗಿ ಅಳಿಯುವಂತೆ ಬರೆದಿಟ್ಟಿದ್ದೇವೆ. ಷರತ್ತಿನಲ್ಲಿ ಇರುವುದು ಆಮೇಲೆ ನಾಶ ಮಾಡಬಹುದು ಅಂತ, ಮಾಡಲೇಬೇಕು ಅಂತ ಇಲ್ಲ. ನಾವು ಮಾಡ್ತೀವಿ.

ಲೆಡ್ಜರ್‌ನಲ್ಲಿ ಮೊನ್ನೆಯ ತನಕ ನಾಲ್ಕು ಸಾಲು ಬಿದ್ದಿದ್ದವು. ಮೊನ್ನೆ ನಾನು ಐದನೆಯದನ್ನು ಬರೆಯುತ್ತಾ ಇದ್ದಾಗ ಮೇಷ್ಟ್ರು ಬಿಲ್ ಕಟ್ಟೋಕೆ ಬಂದರು. ಗಡಿಬಿಡಿಯಲ್ಲಿ ಪುಸ್ತಕ ಮುಚ್ಚಿದೆ. "ಏನಯ್ಯ, ಮಧ್ಯಾಹ್ನದ ಹೊತ್ತು ಸ್ಪೀಡೇ ಇರಲ್ಲ" ಅಂತ ಗದರಿ, ರಸೀದಿ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಹುಡುಗರನ್ನು ಕಳಿಸಿ ಅವರ ಮನೆಯ ಕೇಬಲ್ ಬದಲಾಯಿಸಿದ್ದೀನಿ.